ಇಪ್ಪತ್ತು ಗೆಳತಿಯರು ಸೇರಿ ಎರಡು ಲಕ್ಷ ಕೊಟ್ಟರೆ ವಿಶ್ವವಿದ್ಯಾಲಯಕ್ಕೆ ಉಪಯೋಗ ಆಗುತ್ತಾ?

ಖಂಡಿತ ಆಗುತ್ತದೆ. ತಲಾ ಹತ್ತು ಸಾವಿರ ಹಾಕಿ, ನೀವು ಓದಿದ ವಿಶ್ವವಿದ್ಯಾಲಯದಲ್ಲಿ ಒಂದು ಚಿನ್ನದ ಪದಕ ಇಡಿಸಬಹುದಾ ಅಂತ ಕೇಳಿದ್ದೀರಿ. ಇಡಿಸಬಹುದು. ಆದರೆ ನನ್ನ ಕೇಳಿದರೆ ಪದಕ ಬೇಡ.

ನಾನು ವಿಜಯಪುರದವಳು. ಇಲ್ಲಿ ತೊರವಿ ಹತ್ತಿರ ಮಹಿಳಾ ವಿಶ್ವವಿದ್ಯಾಲಯ ಇದೆ. ಶುರುವಾದದ್ದು 2003ರಲ್ಲಿ, ಅಕ್ಕಮಹಾದೇವಿ ಹೆಸರು ಬಂದದ್ದು 2017ರಲ್ಲಿ. ಇಂಡಿ, ಸಿಂದಗಿ ಕಡೆಯ ಹುಡುಗಿಯರಿಗೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ಹೋಯಿತು. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಊರಿಂದ ಬರುತ್ತದೆ. ಕೈ ಕಟ್ಟಿಹಾಕುವುದು ಪರೀಕ್ಷೆ ಫೀಸು.

ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಒಂದು ಸಂಜೆ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕರ್ಚೀಫಿನ ಗಂಟಿನಲ್ಲಿ ಇಪ್ಪತ್ತರ, ಐವತ್ತರ ನೋಟು. "ನಾಳಿಗಿ ಕಡೀ ದಿನ ಐತ್ರಿ ಮೇಡಂ. ತೊಗರಿ ಮಾರಿದ ಮ್ಯಾಲೆ ಕೊಡ್ತೀನಿ ಅಂದಾನ್ರಿ ಅಪ್ಪ." ತೊಗರಿ ಇನ್ನೂ ಹೊಲದಲ್ಲೇ ಇತ್ತು. ಕಡಿಮೆ ಬಿದ್ದದ್ದು ಬರೀ ಆರು ನೂರು ರೂಪಾಯಿ. ಅವತ್ತು ನಾವು ಮೂವರು ಸೇರಿ ಕೊಟ್ಟೆವು. ಕೇಳೋಕೆ ನಾಚಿ ಸುಮ್ನೆ ಊರಿಗೆ ಹೋದವರು ಎಷ್ಟು ಜನವೋ, ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಎರಡು ಲಕ್ಷ ಠೇವಣಿ ಇಟ್ಟರೆ, ನೂರಕ್ಕೆ ಏಳರ ಬಡ್ಡಿ ಅಂದುಕೊಂಡರೂ ವರ್ಷಕ್ಕೆ 14,000. ಅಸಲು ಹಾಗೇ ಇರುತ್ತದೆ. ಪದಕ ಒಬ್ಬಳಿಗೆ, ಅದೂ ಓದು ಮುಗಿದ ಮೇಲೆ. ಇದೇ ದುಡ್ಡು ಫೀಸಿಗೆ ಹೋದರೆ ಹತ್ತಾರು ಹುಡುಗಿಯರು ಆ ವರ್ಷವೇ ಪರೀಕ್ಷೆಗೆ ಕೂರುತ್ತಾರೆ ಅಲ್ವಾ?

ಇನ್ನೊಂದು ಮಾತು. ನಾವು ಹೆಂಗಸರು ದುಡ್ಡು ಕೊಡುತ್ತೇವೆ, ಯಾರಿಗೆ ಸೇರಬೇಕು ಅಂತ ಹೇಳುವುದನ್ನು ಬೇರೆಯವರಿಗೆ ಬಿಡುತ್ತೇವೆ. ಹಿಂದೆ ಒಂದು ಸಂಸ್ಥೆಗೆ ನಾವು ಕೊಟ್ಟಾಗ ಶಾಲು ಹೊದಿಸಿ, ಫೋಟೊ ತೆಗೆದು ಕಳಿಸಿದರು. ಹಣ ಯಾವ ಹುಡುಗಿಗೆ ಹೋಯಿತು ಅಂತ ಮೂರು ವರ್ಷ ಕೇಳಿದರೂ ಉತ್ತರ ಬರಲಿಲ್ಲ. ಆ ತಪ್ಪು ನೀವು ಮಾಡಬೇಡಿ.

ಕುಲಸಚಿವರ ಹತ್ತಿರ ಹೋಗುವಾಗ ಈ ಠೇವಣಿಯ, ಅಂದರೆ ದತ್ತಿನಿಧಿಯ, ಒಪ್ಪಂದದ ಕರಡು ನೀವೇ ಬರೆದುಕೊಂಡು ಹೋಗಿ. ಆಯ್ಕೆ ಸಮಿತಿಯಲ್ಲಿ ನಿಮ್ಮಲ್ಲಿ ಒಬ್ಬರು ಇರಬೇಕು, ಫೀಸಿನ ಕೊನೆ ದಿನಕ್ಕೆ ಒಂದು ವಾರ ಮೊದಲೇ ಹಣ ಸೇರಬೇಕು, ವರ್ಷಕ್ಕೊಮ್ಮೆ ಲೆಕ್ಕ ಬರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಇರಲಿ. ದುಡ್ಡನ್ನು ಚೆಕ್ಕಿನಲ್ಲೇ ಕೊಡಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ.