ಹೊರಗೆ ನಿಲ್ಲಿಸಿದರೆ ಯಾರಿಗೆ ಲಾಭ?

ಕೊಡಗಿನ ಪೊನ್ನಂಪೇಟೆ ಕಡೆಯ ಹೈಸ್ಕೂಲ್ ಟೀಚರ್ ಒಬ್ಬರು ಪತ್ರ ಬರೆದಿದ್ದಾರೆ. ಒಂಬತ್ತನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತಾರೆ. ಊಟ ಆದ ಮೇಲಿನ ಪಿರಿಯಡ್‌ನಲ್ಲಿ ಕೊನೆ ಬೆಂಚಿನ ಮೂವರು ಹುಡುಗರು ಶಿಳ್ಳೆ ಹಾಕುತ್ತಾರೆ, ಡೆಸ್ಕ್ ಬಡಿಯುತ್ತಾರೆ. ಹೊರಗೆ ನಿಲ್ಲಿಸಿದರೂ ಜಗ್ಗುತ್ತಿಲ್ಲ. ಒಬ್ಬನ ಅಪ್ಪ ‘ನಾಲ್ಕು ಬಿಡಿ ಟೀಚರ್, ನಾವೇನೂ ಕೇಳಲ್ಲ’ ಅಂದರಂತೆ. ಬೆತ್ತ ಇಲ್ಲದೆ ಕ್ಲಾಸ್ ನಡೆಸುವುದು ಹೇಗೆ ಎಂಬುದು ಅವರ ಪ್ರಶ್ನೆ.

ಮೇಡಂ, ಬೆತ್ತದ ಮಾತು ಮೊದಲು ಮುಗಿಸಿಬಿಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದು 14 ವರ್ಷದವರೆಗಿನ ಮಕ್ಕಳಿಗೆ ಮಾತ್ರ ಅಲ್ವಾ ಎಂದು ಲೆಕ್ಕ ಹಾಕುವವರಿದ್ದಾರೆ. ಕಾಯ್ದೆಯ ಮಾತು ಬಿಟ್ಟರೂ, ಹದಿನೈದರ ಹುಡುಗನಿಗೆ ಎಲ್ಲರೆದುರು ಹೊಡೆದರೆ ಅವನು ಹಿಂದಿನ ಬೆಂಚಿಗೆ ಹೀರೋ ಆಗುತ್ತಾನೆ, ಅಷ್ಟೇ.

ಹೊರಗೆ ನಿಲ್ಲಿಸುವುದನ್ನೂ ಸ್ವಲ್ಪ ಯೋಚಿಸಿ. ಲೆಕ್ಕ ತಲೆಗೆ ಹತ್ತದವನಿಗೆ ವರಾಂಡ ಶಿಕ್ಷೆಯಲ್ಲ, ರಜೆ. ಗಲಾಟೆ ಮಾಡಿದರೆ ಲೆಕ್ಕದಿಂದ ಪಾರಾಗಬಹುದು ಎಂದು ನಾವೇ ಕಲಿಸಿಕೊಟ್ಟಂತಾಯಿತು. ಆದ್ದರಿಂದ ಗಲಾಟೆ ಯಾವಾಗ ಶುರುವಾಗುತ್ತದೆ ಎಂದು ಒಂದು ವಾರ ಸುಮ್ನೆ ಗುರುತು ಹಾಕಿಕೊಳ್ಳಿ. ನೀವು ಬೋರ್ಡಿಗೆ ತಿರುಗಿದಾಗಲೋ, ‘ಇದನ್ನು ಮಾಡಿ’ ಎಂದು ಲೆಕ್ಕ ಕೊಟ್ಟಾಗಲೋ? ಮೊದಲನೆಯದಾದರೆ ಅವನಿಗೆ ನಗುವ ಜನ ಬೇಕು. ಎರಡನೆಯದಾದರೆ ಲೆಕ್ಕ ಬರುವುದಿಲ್ಲ, ಅದನ್ನು ಮುಚ್ಚಿಡಬೇಕು.

ನಮ್ಮ ಜಿಲ್ಲೆಯಲ್ಲಿ ಈ ಎರಡನೆಯ ಗುಂಪು ಜಾಸ್ತಿ ಎಂದು ನನ್ನ ಅನಿಸಿಕೆ. ಕಾಫಿ ಕೊಯ್ಲಿನ ಹೊತ್ತಿಗೆ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಕೆಲವು ಮಕ್ಕಳು ವಾರಗಟ್ಟಲೆ ಕಾಣಿಸುವುದಿಲ್ಲ. ತಿರುಗಿ ಬಂದಾಗ ಪಾಠ ಎರಡು ಅಧ್ಯಾಯ ಮುಂದೆ ಹೋಗಿರುತ್ತದೆ. ಮನೆಯಲ್ಲಿ ಎರವ ಭಾಷೆಯೋ ಮಲಯಾಳವೋ ಆಡುವವನಿಗೆ ಕನ್ನಡದಲ್ಲಿ ಕೊಟ್ಟ ಲೆಕ್ಕದ ಪ್ರಶ್ನೆ ಓದುವುದೇ ಒಂದು ಕೆಲಸ. ಅಂಥವನಿಗೆ ಮೊದಲ ಲೆಕ್ಕ ಏಳನೇ ಕ್ಲಾಸಿನ ಮಟ್ಟದ್ದೇ ಇರಲಿ. ನಾಚಿಕೆಯಾಗದಂತೆ ಅದೇ ಚೀಟಿಯನ್ನು ಇಡೀ ಸಾಲಿಗೆ ಕೊಡಿ. ನೀವು ಒಳಗೆ ಬರುವ ಮೊದಲೇ ಬೋರ್ಡ್ ಮೇಲೆ ಒಂದು ಕೆಲಸ ಬರೆದಿರಲಿ. ಮಳೆಗಾಲದಲ್ಲಿ ಶೀಟಿನ ಮಾಡಿನ ಸದ್ದಿನ ಜೊತೆ ಕೂಗಿ ಗೆಲ್ಲೋಕಾಗಲ್ಲ, ಗಂಟಲು ಹೋಗುವುದೊಂದೇ.

ಬಯ್ಯಬೇಕಾದರೆ ಬೆಂಚಿನ ಹತ್ತಿರ ಹೋಗಿ ಮೆಲ್ಲಗೆ ಹೇಳಿ. ‘ಮೂರನೇ ಲೆಕ್ಕ ಮಾಡು, ಐದು ನಿಮಿಷದಲ್ಲಿ ಬಂದು ನೋಡ್ತೀನಿ’ ಅಂದು ಮುಂದೆ ನಡೆಯಿರಿ. ಅಲ್ಲೇ ನಿಂತು ದುರುಗುಟ್ಟಿದರೆ ಅವನು ಸೋಲಲಾರ. ಐದು ನಿಮಿಷಕ್ಕೆ ಹೋಗಲೇಬೇಕು, ಮರೆತರೆ ಕೆಟ್ಟಿತು. ಮೂವರನ್ನು ಬೇರೆ ಬೇರೆ ಕೂರಿಸುವುದಾದರೆ ಸೋಮವಾರ ಇಡೀ ಕ್ಲಾಸಿನ ಜಾಗವನ್ನೇ ಬದಲಿಸಿ.

ಹಾಕಿ ಆಟದಿಂದ ತೆಗೆದುಹಾಕುತ್ತೇನೆ ಎಂದು ಹೆದರಿಸಬೇಡಿ. ಎಷ್ಟೋ ಹುಡುಗರು ಶಾಲೆಗೆ ಬರುವುದೇ ಅದಕ್ಕಾಗಿ. ಹೊಡೆದಾಟ, ಹುಡುಗಿಯರಿಗೆ ಕಾಟ, ಇವು ಬೇರೆ ವಿಷಯ. ಅಂಥದ್ದನ್ನು ಅದೇ ದಿನ ಹೆಡ್‌ಮಾಸ್ಟರಿಗೆ ಬರೆದುಕೊಡಿ.

ಆ ಅಪ್ಪನನ್ನು ಶಾಲೆಗೆ ಕರೆಸಿದರೆ ಒಂದು ದಿನದ ಕೂಲಿ ಹೋಗುತ್ತದೆ. ಸಂತೆಯಲ್ಲಿ ಸಿಕ್ಕಾಗ ಮಾತಾಡಿಸಿ. ಮೊದಲ ಸಲ ದೂರು ಬೇಡ. ಹುಡುಗ ಒಂದು ಲೆಕ್ಕ ಸರಿ ಮಾಡಿದ ವಾರವೇ ಹೇಳಿ.