ಮ್ಯಾನೇಜರನ್ನು ಕೇಳಿದ್ದು ತಪ್ಪೇ?

ಪ್ರಶ್ನೆ: ನಮ್ಮ ಯಜಮಾನರು ರೈಲ್ವೆಯಲ್ಲಿದ್ದರು. ಈಗ ನನಗೆ ಕುಟುಂಬ ಪಿಂಚಣಿ ಬರುತ್ತದೆ. ನವೆಂಬರಿನಲ್ಲೇ ಬ್ಯಾಂಕಿಗೆ ಹೋಗಿ ಜೀವಿತ ಪ್ರಮಾಣಪತ್ರ ಕೊಟ್ಟು ಬಂದೆ. ಆದರೂ ಡಿಸೆಂಬರ್ ಪಿಂಚಣಿ ಜಮೆಯಾಗಿಲ್ಲ. ವಿಚಾರಿಸಿದರೆ ಕೌಂಟರಿನ ಹುಡುಗ ತಲೆಯನ್ನೂ ಎತ್ತದೆ ‘ನೀವು ಕೊಟ್ಟೇ ಇಲ್ಲ’ ಎಂದ. ಮ್ಯಾನೇಜರನ್ನು ನೋಡಬೇಕೆಂದರೆ ‘ಮೀಟಿಂಗಿನಲ್ಲಿದ್ದಾರೆ, ಅವರೂ ಇದನ್ನೇ ಹೇಳುತ್ತಾರೆ’ ಎಂದ. ನಾನು ಜಗಳಗಂಟಿಯಂತೆ ನಡೆದುಕೊಂಡೆನೆಂದು ಮಗಳ ಆಕ್ಷೇಪ.
– ಓದುಗರು, ಹುಬ್ಬಳ್ಳಿ

ಉತ್ತರ: ತಾಯಿ, ಮಗಳ ಮಾತಿಗೆ ಬೇಸರಿಸಬೇಡಿ, ಒಪ್ಪಲೂ ಬೇಡಿ. ಮ್ಯಾನೇಜರ್ ಇರುವುದೇ ಇಂಥದ್ದಕ್ಕೆ. ನಾನು ಆ ಕುರ್ಚಿಯಲ್ಲಿ ಕುಳಿತು ನಿವೃತ್ತನಾದವನು. ಗಾಜಿನ ಬಾಗಿಲಾಚೆ ಯಾರಾದರೂ ದನಿಯೇರಿಸಿದರೆ ನಮಗೆ ಚೆನ್ನಾಗಿ ಕೇಳಿಸುತ್ತದೆ. ಆಗ ಫೋನನ್ನು ಕಿವಿಗಿಟ್ಟುಕೊಂಡು ಕೂರುವ ವಿದ್ಯೆಯೂ ಗೊತ್ತು. ಕೂಗಾಟಕ್ಕೆ ನಾವು ಜಗ್ಗುವುದಿಲ್ಲ. ತಾರೀಖು ಹಾಕಿದ ಕಾಗದಕ್ಕೆ ಜಗ್ಗುತ್ತೇವೆ.

ಒಂದು ಅರ್ಜಿ ಬರೆಯಿರಿ. ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಖಾತೆ ಸಂಖ್ಯೆ, ಪ್ರಮಾಣಪತ್ರ ಕೊಟ್ಟ ದಿನ, ಯಾವ ಕೌಂಟರಿನಲ್ಲಿ ಕೊಟ್ಟಿರಿ, ಇಷ್ಟಿದ್ದರೆ ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬೆಳಗ್ಗೆ ಹತ್ತಕ್ಕೆ ಮಾತ್ರ ಹೋಗಬೇಡಿ. ಆಗ ಮ್ಯಾನೇಜರರ ಗಮನವೆಲ್ಲ ತಿಜೋರಿಯ ಬೀಗದಕೈ, ನಗದು, ಹೇಳದೆ ಕೇಳದೆ ರಜೆ ಹಾಕಿದ ಗುಮಾಸ್ತ, ಇವುಗಳ ಮೇಲಿರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಹೋದರೆ ಕೂರಲು ಹೇಳುತ್ತಾರೆ.

ಕೂತ ಕೂಡಲೇ ಹುಡುಗನ ವಿಷಯ ಎತ್ತಬೇಡಿ. ಎತ್ತಿದಿರೋ, ಅವನನ್ನು ಕರೆಸಿ ನಿಮ್ಮೆದುರೇ ಗದರಿಸುವ ನಾಟಕ ನಡೆಯುತ್ತದೆ, ಕಾಫಿಯೂ ಬರುತ್ತದೆ, ಪಿಂಚಣಿ ಮಾತ್ರ ಇದ್ದಲ್ಲೇ ಇರುತ್ತದೆ. ಮೊದಲು ನಿಮ್ಮ ಕೆಲಸ. ಜೀವಿತ ಪ್ರಮಾಣಪತ್ರ ಪಡೆದ ಬ್ಯಾಂಕು ಸಹಿ ಮಾಡಿದ ಸ್ವೀಕೃತಿ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ನಿಮಗೆ ಕೊಟ್ಟಿದ್ದರೆ ಮೇಜಿನ ಮೇಲಿಡಿ, ಅಲ್ಲಿಗೆ ವಾದ ಮುಗಿಯಿತು. ಕೊಟ್ಟಿಲ್ಲವಾದರೆ ಹಟ ಹಿಡಿಯದೆ ಹೊಸ ಪ್ರಮಾಣಪತ್ರವೊಂದನ್ನು ಅಲ್ಲೇ ಕೊಟ್ಟು, ಕಂಪ್ಯೂಟರಿಗೆ ಏರಿಸುವವರೆಗೂ ಕೂತಿರಿ. ಅದೇ ಬ್ಯಾಂಕಿನ ಬೇರೆ ಶಾಖೆಯಲ್ಲೂ ಇದನ್ನು ಕೊಡಬಹುದು. ಬ್ಯಾಂಕಿನ ತಪ್ಪಿನಿಂದ ಪಿಂಚಣಿ ತಡವಾದರೆ ವರ್ಷಕ್ಕೆ ಶೇಕಡಾ 8ರಂತೆ ಬಡ್ಡಿಯನ್ನು ನೀವು ಕೇಳದಿದ್ದರೂ ಜಮೆ ಮಾಡಬೇಕು. ಈ ಮಾತನ್ನು ಮೆಲ್ಲಗೆ ಹೇಳಿ. ಮೆಲ್ಲಗೆ ಹೇಳಿದ್ದೇ ಹೆಚ್ಚು ನಾಟುತ್ತದೆ.

ಲಿಖಿತ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಸೀಲು ಬಿದ್ದ ಪ್ರತಿಯೊಂದಿಗೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಅದಕ್ಕೆ ಶುಲ್ಕವಿಲ್ಲ; ವಿಧಾನ ತಿಳಿಯಲು 14448ಕ್ಕೆ ಕರೆ ಮಾಡಬಹುದು.

ಪಿಂಚಣಿ ಬಂದ ಮೇಲೂ ಹುಡುಗನ ಮೇಲಿನ ಸಿಟ್ಟು ಇಳಿಯದಿದ್ದರೆ ದೂರು ಪುಸ್ತಕ ಕೇಳಿ ಎರಡು ಸಾಲು ಬರೆಯಿರಿ. ಪ್ರತಿ ಶಾಖೆಯೂ ಅದನ್ನು ಇಟ್ಟಿರಬೇಕು. ನಮ್ಮ ಕಾಲದಲ್ಲಿ ಅದು ಬೀರುವಿನ ಮೇಲೆ, ಹಳೆಯ ಕ್ಯಾಲೆಂಡರುಗಳ ಕೆಳಗೆ ಇರುತ್ತಿತ್ತು. ಇಳಿಸಿ ಕೊಡುವವರೆಗೂ ನಿಂತಿರಿ.