ಮೊದಲು ಮಗನ ಎತ್ತರ ಸೆಂಟಿಮೀಟರಿನಲ್ಲಿ ಅಳೆಯಿರಿ, ತಾರೀಖು ಆಮೇಲೆ

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ? ನಿಮ್ಮ ತಮ್ಮ ಅಮೆರಿಕದಲ್ಲಿದ್ದಾನೆ. ಅವನ ಊರಿನ ಪಾರ್ಕಿನಲ್ಲಿ ಸಮುದ್ರದ ಥೀಮಿನ ಹೊಸ ರೋಲರ್ ಕೋಸ್ಟರ್ ಬರ್ತಿದೆ. ನಿಮ್ಮ ಒಂಬತ್ತು ವರ್ಷದ ಮಗನಿಗೆ ಹಗಲೂ ರಾತ್ರಿ ಅದೇ ಧ್ಯಾನ. ಓಪನ್ ಆದ ವಾರವೇ ಹೋಗೋದಾ, ರಜೆ ನೋಡಿಕೊಂಡು ಹೋಗೋದಾ, ಅಲ್ಲಿಯವರೆಗೆ ಈ ಹುಚ್ಚು ಬಿಡಿಸೋದು ಹೇಗೆ. ನೀವು ಚಿತ್ರದುರ್ಗದವರು, ನಾನು ದಾವಣಗೆರೆಯವನು. ಊರು ಬೇರೆ, ಕಥೆ ಒಂದೇ.

2015ರಲ್ಲಿ ಫ್ಲೋರಿಡಾದ ಒರ್ಲ್ಯಾಂಡೊದಲ್ಲಿರುವ ಸಮುದ್ರದ ಥೀಮಿನ ಪಾರ್ಕ್ ಸೀವರ್ಲ್ಡ್‌ನವರು ಮಾಕೊ ಅನ್ನೋ ಕೋಸ್ಟರ್ ಬರುತ್ತೆ ಅಂತ ಘೋಷಿಸಿದರು. ಶಾರ್ಕ್‌ಗಳಲ್ಲೇ ಅತಿ ವೇಗದ ಜಾತಿಯ ಹೆಸರು ಅದು. ನನ್ನ ತಂಗಿ ಆಗ ಅದೇ ಊರಿನಲ್ಲಿದ್ದಳು. ಕಂಪ್ಯೂಟರಿನಲ್ಲಿ ಮಾಡಿದ ಒಂದು ವಿಡಿಯೋನ ವಾಟ್ಸಾಪ್‌ನಲ್ಲಿ ಕಳಿಸಿದಳು. ಮಗಳು ಆಗ ಐದನೇ ಕ್ಲಾಸು. ಆ ವಿಡಿಯೋ ನೋಡಿದ ಮೇಲೆ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಚೌಕಿಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಶಾಲೆ ಬಿಟ್ಟು ಬಂದವಳು ಗಲ್ಲಾಪೆಟ್ಟಿಗೆ ಪಕ್ಕ ಕೂತು ಹಳೇ ಬಿಲ್ ಪುಸ್ತಕದ ಹಿಂಬದಿಯಲ್ಲಿ ಹಳಿ ಬರೆಯುತ್ತಿದ್ದಳು. 200 ಅಡಿ ಎತ್ತರ. ಗಂಟೆಗೆ 73 ಮೈಲಿ, ಅಂದರೆ ಸುಮಾರು 117 ಕಿಲೋಮೀಟರ್ ವೇಗ. 4,760 ಅಡಿ ಉದ್ದದ ಹಳಿ. 200 ಅಡಿ ಅಂದ್ರೆ ಎಷ್ಟು ಅಂತ ಕೇಳಿದಳು. ನಮ್ಮ ಮೂರಂತಸ್ತಿನ ಮನೆ ಸುಮಾರು 33 ಅಡಿ, ಹಾಗೆ ಆರು ಮನೆ ಒಂದರ ಮೇಲೊಂದು ಇಟ್ಟರೆ ಅಷ್ಟು ಅಂದೆ. ಆವತ್ತು ಸಂಜೆ ತಾರಸಿ ಮೇಲೆ ನಿಂತು ತುಂಬಾ ಹೊತ್ತು ಮೇಲೇ ನೋಡುತ್ತಿದ್ದಳು.

ಸಮುದ್ರ ಅವಳಿಗೆ ಚಿತ್ರದಲ್ಲಿ ಮಾತ್ರ ಗೊತ್ತಿತ್ತು. ನಾವು ಬಯಲುಸೀಮೆಯವರು. ಅವಳು ನೋಡಿದ ದೊಡ್ಡ ನೀರು ಅಂದರೆ ಚನ್ನಗಿರಿ ಹತ್ತಿರದ ಸೂಳೆಕೆರೆ, ನಿಮ್ಮ ಹಿರಿಯೂರಿನ ಮಾರಿಕಣಿವೆ. ಅಂಥವಳು ಶಾರ್ಕು, ತಿಮಿಂಗಿಲ, ಹವಳದ ದಿಬ್ಬ ಅಂತ ಲೈಬ್ರರಿ ಪುಸ್ತಕ ತಂದು ಓದೋಕೆ ಶುರು ಮಾಡಿದಳು. ಮಾಕೊ ಶಾರ್ಕ್ ನೀರಿನಿಂದ ಮೇಲಕ್ಕೆ ಹಾರಬಲ್ಲದು ಅನ್ನೋದನ್ನ ನನಗೆ ಹೇಳಿಕೊಟ್ಟವಳೇ ಅವಳು.

ನೀವು ಇದನ್ನ ಹುಚ್ಚು ಅಂತೀರಿ, ಬಿಡಿಸೋಕೆ ನೋಡ್ತೀರಿ. ನಾನು ಒಪ್ಪಲ್ಲ. ದಯವಿಟ್ಟು ಬಿಡಿಸಬೇಡಿ. ಒಂದು ಮಗು ತಾನಾಗಿ ಎತ್ತರ, ವೇಗ, ಮೀನು, ದೇಶ ಎಲ್ಲಾ ಹುಡುಕಿಕೊಂಡು ಹೋಗುತ್ತಿದೆ. ಯಾವ ಟ್ಯೂಷನ್‌ನಲ್ಲೂ ಇದು ಸಿಗಲ್ಲ. ಕಾಯುವ ದಿನಗಳನ್ನ ಅವನ ಜೊತೆ ಕೂತು ಕಾಯಿರಿ. ನಮ್ಮ ಮನೆಯಲ್ಲಿ ಆ ವರ್ಷ ಇದ್ದ ಖುಷಿ ಆಮೇಲೆ ಮತ್ತೆ ಬರಲಿಲ್ಲ.

ಮಾಕೊ 2016ರ ಜೂನ್ 10ಕ್ಕೆ ಓಪನ್ ಆಗುತ್ತೆ ಅಂತಾಯಿತು. ವೀಸಾಗೆ ಚೆನ್ನೈಗೆ ಹೋಗಿ ಬಂದೆವು. ಅಂಗಡಿ ತಮ್ಮನ ಕೈಗೆ ಕೊಟ್ಟೆ. ಶಾಲೆ ಶುರುವಾಗುವ ಹೊತ್ತಿಗೇ ರಜೆ ಕೇಳಿದೆವು, ಅವರು ಗೊಣಗಿಕೊಂಡೇ ಕೊಟ್ಟರು. ಎಲ್ಲಾ ನೋಡಿಕೊಂಡೆ. ಒಂದನ್ನ ಬಿಟ್ಟು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ. ಆ ಕೋಸ್ಟರಿಗೆ ಕನಿಷ್ಠ 54 ಇಂಚು ಎತ್ತರ ಇರಬೇಕು. ಅದು ನನಗೆ ಮೊದಲಿಂದ ಗೊತ್ತಿತ್ತು. ಮಾರ್ಚ್‌ನಲ್ಲಿ ಬಂದ ಮಗಳ ಪ್ರೋಗ್ರೆಸ್ ಕಾರ್ಡ್ ತೆಗೆದು ನೋಡಿದೆ. ಅದರಲ್ಲಿ ನೀಲಿ ಇಂಕಿನಲ್ಲಿ ಎರಡು ಸಾಲು. ತೂಕ 28.5. ಎತ್ತರ 4.5. ನಾನು 4.5ನ್ನ 12ರಿಂದ ಗುಣಿಸಿದೆ. ಸರಿಯಾಗಿ 54 ಬಂತು. ನಾಲ್ಕೂವರೆ ಅಡಿ, ಐವತ್ನಾಲ್ಕು ಇಂಚು, ಗೆರೆ ಮೇಲೇ ಇದ್ದಾಳೆ, ಹೋಗೋ ಹೊತ್ತಿಗೆ ಇನ್ನೂ ಸ್ವಲ್ಪ ಬೆಳೀತಾಳೆ ಅಂದುಕೊಂಡೆ.

ಆದರೆ ಎತ್ತರದ ಆ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ. ನಮ್ಮ ಕಡೆ ಎತ್ತರ ಹೇಗೆ ಬರೀತೀವಿ ಯೋಚನೆ ಮಾಡಿ. ಹೆಣ್ಣು ನೋಡೋಕೆ ಹೋಗುವಾಗ ಬಯೋಡೇಟಾದಲ್ಲಿ 5.4 ಅಂತಿದ್ದರೆ ಐದಡಿ ನಾಲ್ಕಿಂಚು. ಯಾರೂ ಅದನ್ನ 12ರಿಂದ ಗುಣಿಸಲ್ಲ. ಹಾಗೇ 4.5 ಅಂದರೆ ನಾಲ್ಕಡಿ ಐದಿಂಚು. 48ಕ್ಕೆ 5 ಸೇರಿಸಿದರೆ 53. 54 ಇಂಚು ಇದ್ದಿದ್ದರೆ ಕಾರ್ಡಿನಲ್ಲಿ 4.6 ಅಂತ ಇರಬೇಕಿತ್ತು. ಅದರ ಮೇಲಿನ ಸಾಲಿನಲ್ಲೇ ತೂಕದ 28.5 ನಿಜವಾದ ದಶಮಾಂಶ, ಇಪ್ಪತ್ತೆಂಟೂವರೆ ಕೆ.ಜಿ. ಒಂದೇ ಕೈಬರಹ, ಒಂದೇ ಥರದ ಚುಕ್ಕಿ, ಎರಡು ಬೇರೆ ಅರ್ಥ. ನನ್ನ ಕಣ್ಣು ಮೇಲಿನ ಸಾಲು ಓದಿದ ಹಾಗೇ ಕೆಳಗಿನದನ್ನೂ ಓದಿಬಿಟ್ಟಿತು. ಸಾಲದ್ದಕ್ಕೆ ಆವತ್ತು ಮಕ್ಕಳನ್ನ ಕ್ಯಾನ್ವಾಸ್ ಶೂ ಸಮೇತ ನಿಲ್ಲಿಸಿ ಅಳೆದಿದ್ದರಂತೆ. ಬರೆದವರದ್ದು ಇದರಲ್ಲಿ ತಪ್ಪೇನಿಲ್ಲ. ಅವರು ಎಲ್ಲರೂ ಬರೆಯೋ ಹಾಗೆ ಬರೆದರು. ಓದಿದವನು ನಾನು. ಬೆಳಗಿನಿಂದ ಸಂಜೆವರೆಗೆ ಟೇಪು ಕೊರಳಿಗೆ ಹಾಕಿಕೊಂಡೇ ಇರುವವನು ಅದನ್ನ ಮಗಳಿಗೆ ಒಂದು ಸಲ ಹಿಡಿದು ನೋಡಲಿಲ್ಲ.

ಕೋಸ್ಟರಿನ ಬಾಗಿಲಲ್ಲಿ ಅಳತೆಯ ಕಂಬ ಇರುತ್ತೆ. ಕೆಲಸದ ಹುಡುಗಿ ಮಂಡಿಯೂರಿ ಕೂತು, ಹಿಮ್ಮಡಿ ನೆಲಕ್ಕೆ ತಾಗಿದೆಯಾ ಅಂತ ನೋಡಿ, ನೆಟ್ಟಗೆ ನಿಲ್ಲಿಸಿ ಅಳೆದಳು. ಮತ್ತೆ ಅಳೆದಳು. ಒಂದು ಬೆರಳು ಕಮ್ಮಿ. ತಂಗಿ ತುಂಬಾ ಕೇಳಿಕೊಂಡಳು, ಇಂಡಿಯಾದಿಂದ ಇದಕ್ಕೇ ಬಂದಿದ್ದಾರೆ ಅಂದಳು. ಆ ಹುಡುಗಿ ಒಪ್ಪಲಿಲ್ಲ. ಒಪ್ಪಬಾರದು ಕೂಡ. ಯಾಕೆ ಅಂತ ಹೇಳ್ತೀನಿ.

ನಮ್ಮ ದುಗ್ಗಮ್ಮನ ಜಾತ್ರೆಯಲ್ಲಿ ಕೊಲಂಬಸ್ ಹತ್ತಿದ್ದೀರಾ? ಹಡಗು ಮೇಲಕ್ಕೆ ಹೋಗಿ ಒಂದು ಗಳಿಗೆ ನಿಂತ ಹಾಗಾಗಿ ವಾಪಸ್ ಬೀಳುವಾಗ ಹೊಟ್ಟೆ ಜುಂ ಅನ್ನುತ್ತಲ್ಲ, ಮಾಕೊ ಕಟ್ಟಿರೋದೇ ಅದಕ್ಕೆ. ತಲೆಕೆಳಗು ಮಾಡೋ ಸುತ್ತು ಅದರಲ್ಲಿ ಒಂದೂ ಇಲ್ಲ. ಚೈನ್ ನಿಮ್ಮನ್ನ ಮೇಲಕ್ಕೆ ಎಳೆದು ಬಿಡುತ್ತೆ, ಆಮೇಲೆ ಎಲ್ಲಾ ಭೂಮಿಯ ಸೆಳೆತ. ಒಂದೊಂದು ಗುಡ್ಡದ ತುದಿಯಲ್ಲೂ ನೀವು ಸೀಟಿನಿಂದ ಮೇಲೆ ಏಳ್ತೀರಿ. ಅದಕ್ಕೆ ಏರ್‌ಟೈಮ್ ಅಂತಾರೆ. ಆ ಹೊತ್ತಿನಲ್ಲಿ ನಿಮ್ಮನ್ನ ಹಿಡಿದಿಡೋದು ತೊಡೆ ಮೇಲೆ ಬಂದು ಕೂರುವ ಒಂದೇ ಬಾರ್. ಭುಜದ ಮೇಲೆ ಏನೂ ಇರಲ್ಲ. ಮೈಕಟ್ಟು ಚಿಕ್ಕದಾದರೆ ಆ ಬಾರ್ ಸರಿಯಾಗಿ ಹಿಡಿಯಲ್ಲ. ಅದಕ್ಕೇ ಗೆರೆ. ಅತ್ತು ಕರೆದು ದಾಟುವಂಥದ್ದಲ್ಲ.

ಮಗಳು ಅಳಲಿಲ್ಲ. ತಲೆ ಮೇಲೆ ರೈಲು ಗುಡುಗಿಕೊಂಡು ಹೋಗುತ್ತಿತ್ತು. ಏಳು ಸಾಲು, ಸಾಲಿಗೆ ನಾಲ್ಕು ಜನ, ಅವಳಿಗೆ ಮೊದಲೇ ಗೊತ್ತಿತ್ತು. "ಅಪ್ಪಾಜಿ, ನೀವಾದ್ರೂ ಹೋಗಿ ಬನ್ನಿ. ಕೊನೇ ಸಾಲಲ್ಲಿ ಕೂತ್ಕೊಳ್ಳಿ" ಅಂದಳು. ಮುಂದಿನ ಡಬ್ಬಿಗಳು ಆಗಲೇ ಇಳಿಯೋಕೆ ಶುರು ಮಾಡಿರುತ್ತವೆ, ಅವು ಹಿಂದಿನ ಸಾಲನ್ನ ರಭಸವಾಗಿ ಎಳೆದುಕೊಳ್ಳುತ್ತವೆ, ಅಲ್ಲೇ ಜಾಸ್ತಿ ಮೇಲೆ ಏಳೋದು ಅಂತ ಅವಳೇ ವಿವರಿಸಿದಳು. ನಾನು ಹೋದೆ. ಅವಳು ಹೇಳಿದ್ದು ಅಕ್ಷರ ಅಕ್ಷರ ನಿಜ. ಇಳಿದು ಬಂದ ಮೇಲೆ ಯಾವ ಗುಡ್ಡದಲ್ಲಿ ಎಷ್ಟು ಹೊತ್ತು ಎದ್ರಿ, ತಿರುವಿನಲ್ಲಿ ಯಾವ ಕಡೆ ವಾಲಿತು ಅಂತ ಒಂದೊಂದೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅರ್ಧಕ್ಕರ್ಧ ನನಗೆ ಉತ್ತರ ಗೊತ್ತಿರಲಿಲ್ಲ. ಆ ರೈಲಿನಲ್ಲಿ ಕೂರಬೇಕಾಗಿದ್ದವಳು ಅವಳು.

ಮತ್ತೆ ಕರೆದುಕೊಂಡು ಹೋಗಬಹುದಿತ್ತಲ್ಲ ಅಂತೀರಾ? ತಂಗಿಗೆ ಬೇರೆ ಊರಿಗೆ ವರ್ಗವಾಯಿತು. ಅಂಗಡಿಯಲ್ಲೂ ಅಷ್ಟು ದುಡ್ಡು ಮತ್ತೆ ಕೂಡಲಿಲ್ಲ. ಮಕ್ಕಳು ಒಂಬತ್ತು ಹತ್ತರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಐದಾರು ಸೆಂಟಿಮೀಟರ್ ಬೆಳೀತಾರೆ. ಒಂದು ಬೆರಳು ಅಂದರೆ ನಾಲ್ಕೈದು ತಿಂಗಳ ಮಾತು. ಜೂನ್ ಬದಲು ಡಿಸೆಂಬರಿನಲ್ಲಿ ಹೋಗಿದ್ದರೆ ಆಗ್ತಿತ್ತು. ಈ ಲೆಕ್ಕ ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ.

ಹಾಗಾಗಿ ಓಪನಿಂಗ್ ವಾರವಾ, ರಜೆಯಾ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ತಾರೀಖು ಗೊತ್ತು ಮಾಡಬೇಕಾದ್ದು ಪಾರ್ಕ್ ಅಲ್ಲ, ಶಾಲೆ ಅಲ್ಲ, ನಿಮ್ಮ ಮಗನ ಎತ್ತರ. ಓಪನಿಂಗ್ ವಾರಕ್ಕಂತೂ ಬೇಡವೇ ಬೇಡ. ತಾರೀಖು ಜಾರುತ್ತೆ. ಸ್ಯಾನ್ ಡಿಯಾಗೊದ ಎಂಪರರ್, ಒರ್ಲ್ಯಾಂಡೊದ ಐಸ್ ಬ್ರೇಕರ್ ಎರಡೂ ಕೋಸ್ಟರ್ 2020ಕ್ಕೆ ಬರಬೇಕಿತ್ತು. ಕೋವಿಡ್ ಬಂತು, ಜನ ಹತ್ತಿದ್ದು 2022ರಲ್ಲಿ. ಅಷ್ಟು ದೊಡ್ಡ ಕಾರಣವೇ ಬೇಕಂತಿಲ್ಲ. ಹೊಸ ಯಂತ್ರ, ಪರೀಕ್ಷೆ ಮುಗಿಯೋವರೆಗೆ ಜನರನ್ನ ಬಿಡಲ್ಲ. ಇನ್ನು ನಿಮ್ಮ ತಮ್ಮ ಇರೋದು ಫ್ಲೋರಿಡಾ ಕಡೆ ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಆದ ಕೂಡಲೇ ಗುಡುಗು ಮಳೆ. ಹತ್ತಿರದಲ್ಲಿ ಮಿಂಚು ಕಂಡರೆ ಕೋಸ್ಟರ್ ನಿಲ್ಲಿಸ್ತಾರೆ. ಗಂಟೆಗಟ್ಟಲೆ ಕ್ಯೂನಲ್ಲಿ ನಿಂತು ಕೊನೆಗೆ ಬಾಗಿಲಲ್ಲಿ ವಾಪಸ್ ಬರಬೇಕಾಗುತ್ತೆ.

ಬರ್ತಿರೋದು ಯಾವ ಬಗೆಯ ಕೋಸ್ಟರ್ ಅಂತ ತಮ್ಮನನ್ನ ಕೇಳಿ. ಸಮುದ್ರದ ಹೆಸರಿದ್ದ ಮಾತ್ರಕ್ಕೆ ಎಲ್ಲಾ ಒಂದೇ ಅಲ್ಲ. ಒರ್ಲ್ಯಾಂಡೊಗೆ 2009ರಲ್ಲಿ ಬಂದ ಮಾಂಟಾದಲ್ಲಿ ನೆಲಕ್ಕೆ ಮುಖ ಮಾಡಿ ಬೋರಲಾಗಿ ಹಾರ್ತೀರಿ, ಮಾಂಟಾ ಅನ್ನೋ ಅಗಲ ರೆಕ್ಕೆಯ ಚಪ್ಪಟೆ ಮೀನು ತೇಲೋ ಹಾಗೆ. ಅದಕ್ಕೂ 54 ಇಂಚು ಬೇಕು. 2024ರ ಪೆಂಗ್ವಿನ್ ಟ್ರೆಕ್ ಮನೆಮಂದಿಯೆಲ್ಲಾ ಹತ್ತುವಂಥದ್ದು, 42 ಇಂಚು ಸಾಕು, ಅಂದರೆ ಸುಮಾರು 107 ಸೆಂಟಿಮೀಟರ್. ನಿಮ್ಮದು ಈ ಎರಡನೇ ಬಗೆಯದ್ದಾದರೆ ಚಿಂತೆಯೇ ಇಲ್ಲ.

ಇನ್ನೊಂದು ವಿಷಯ. ಮಗ ಇನ್ನೂ ಒಂದು ಕೋಸ್ಟರನ್ನೂ ಹತ್ತಿಲ್ಲ ಅಂತ ಬರೆದಿದ್ದೀರಿ. ಹಾಗಿದ್ದರೆ ವಿಡಿಯೋದ ಪ್ರೀತಿ ಬೇರೆ, ಹತ್ತಿದಾಗಿನ ಭಯ ಬೇರೆ. ಮೊದಲು ಬಿಡದಿಯ ವಂಡರ್‌ಲಾಕ್ಕೆ ಹೋಗಿ ಬನ್ನಿ. ದುರ್ಗದಿಂದ ಹೈವೇ ಹಿಡಿದು ನೆಲಮಂಗಲ ದಾಟಿ, ನೈಸ್ ರೋಡಿಗೆ ತಿರುಗಿಕೊಂಡರೆ ಊರೊಳಗೆ ಸಿಕ್ಕಿಕೊಳ್ಳದೆ ಮೈಸೂರು ರಸ್ತೆ ಸೇರ್ತೀರಿ. ಅಲ್ಲಿ ರಿಕಾಯಿಲ್ ಅಂತ ಒಂದು ಕೋಸ್ಟರ್ ಇದೆ. ಮುಂದಕ್ಕೆ ಸುತ್ತು ಹೊಡೆಸಿ, ಅದೇ ಹಳಿಯಲ್ಲಿ ಹಿಂದುಮುಂದಾಗಿ ವಾಪಸ್ ತರುತ್ತೆ. ಅಲ್ಲೂ ಎತ್ತರದ ಗೆರೆ ಇದೆ. ಅದರ ಮುಂದೆ ನಿಂತಾಗಲೇ ನಿಮ್ಮ ಲೆಕ್ಕ ಸರಿಯಾ ತಪ್ಪಾ ಗೊತ್ತಾಗುತ್ತೆ, ಖರ್ಚೂ ಒಂದು ದಿನದ್ದು. ನನ್ನ ಮಗಳು ಆಮೇಲೆ ಅದನ್ನ ಹತ್ತಿದಳು. ಕಾಲೇಜಿಗೆ ಬಂದ ಮೇಲೆ ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ ಪಾರ್ಕಿಗೂ ಹೋದಳು. ಅಲ್ಲಿಯ ನೈಟ್ರೊ ಕೋಸ್ಟರ್ ಮಾಡಿದ್ದು ಮಾಕೊ ಮಾಡಿದ ಸ್ವಿಟ್ಜರ್ಲೆಂಡಿನ ಬಿ ಆ್ಯಂಡ್ ಎಂ ಕಂಪನಿಯೇ ಅಂತ ಹುಡುಕಿಕೊಂಡು ಹೋದಳು. ಈಗ ಇಲ್ಲೇ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದ್ತಿದ್ದಾಳೆ.

ಸರ್‌ಪ್ರೈಸ್ ಕೊಡೋಣ ಅಂತ ನಿಮ್ಮ ಮನೆಯವರು ಹೇಳಿದ್ದಾರೆ ಅಂದಿರಿ. ಬೇಡ. ಅಳತೆಯ ವಿಷಯ ಮಗನಿಗೇ ಹೇಳಿ. ನಿಮ್ಮ ಕೋಸ್ಟರಿಗೂ 54 ಇಂಚೇ ಬೇಕು ಅಂತಾದರೆ ಗೋಡೆ ಮೇಲೆ 137.2 ಸೆಂಟಿಮೀಟರಿಗೆ ಒಂದು ಗೆರೆ ಎಳೆಯಿರಿ, 54 ಇಂಚು ಅಂದರೆ ಅಷ್ಟೇ. ತಿಂಗಳಿಗೊಮ್ಮೆ ಅವನೇ ಬಂದು ನಿಲ್ಲಲಿ. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆ ಮೇಲೆ ರಟ್ಟಿನ ಪುಸ್ತಕ ಅಡ್ಡ ಇಟ್ಟು, ಪೆನ್ಸಿಲ್ ಗುರುತು ಹಾಕಿ. ಬೆಳಗ್ಗೆ ಅಳೆಯಬೇಡಿ, ಸಂಜೆ ಅಳೆಯಿರಿ. ಎದ್ದಾಗ ಇರುವ ಎತ್ತರ ಸಂಜೆಗೆ ಸುಮಾರು ಒಂದು ಸೆಂಟಿಮೀಟರ್ ಕಮ್ಮಿಯಾಗಿರುತ್ತೆ. ಕಾರ್ಡಿನಲ್ಲಿ ಏನು ಬರೆದಿದ್ದಾರೆ ನೋಡಲೇಬೇಡಿ. ಅಡಿ ಇಂಚಿನಲ್ಲಿ ಬರೆಯಲೇಬೇಡಿ.

ಸಂಜೆ ಹೊತ್ತು ಬರಿಗಾಲಲ್ಲಿ ಆ ಗೆರೆ ದಾಟಿ 139 ಬಂತು ಅಂದರೆ ತಮ್ಮನಿಗೆ ಫೋನ್ ಮಾಡಿ ತಾರೀಖು ಹೇಳಿ. ಅಷ್ಟು ಬಂದಿಲ್ಲ ಅಂದರೆ ವೀಸಾ ಕೆಲಸ ಮುಗಿಸಿ ಇಟ್ಟುಕೊಳ್ಳಿ. ವಿಮಾನದ ಟಿಕೆಟ್ ಮಾತ್ರ ಈಗಲೇ ತಗೋಬೇಡಿ.